ಪ್ಲಾಸ್ಟಿಕ್ ಹಸು ಬಿಚ್ಚಿ ಬೇಲಿ ಕಟ್ಟಿದ್ದು

ಈ ಊರಿಗೆ ಬಂದಿಳಿದ ಮೊದಲ ಬೆಳಿಗ್ಗೆ ನನಗೆ ಕೈಮುಗಿದು ನಮಸ್ಕಾರ ಹೇಳಿದವನು ತಲೆಕೆಳಗಾಗಿ ನಿಂತಿದ್ದ. ಪಕ್ಕದ ಮನೆಯ ಕೊಟ್ಟಿಗೆಯ ಬಾಗಿಲಿಗೆ ಹಳೆಯ ಫ್ಲೆಕ್ಸ್ ಒಂದನ್ನು ಇಳಿಬಿಟ್ಟಿದ್ದರು. ಅದರಲ್ಲಿ ಯಾವುದೋ ಚುನಾವಣೆಗೆ ನಿಂತಿದ್ದ ಪುಣ್ಯಾತ್ಮ ಕಾಲು ಮೇಲೆ, ತಲೆ ಕೆಳಗೆ ಮಾಡಿಕೊಂಡು ನಗುತ್ತಿದ್ದ. ನಾನು ಬಾಯಿ ತೆರೆದು ನೋಡುತ್ತಿರುವಾಗಲೇ ಅವನ ಹೊಟ್ಟೆಯ ಹತ್ತಿರದ ಸೀಳಿನಿಂದ ಒಂದು ಕರು ಮುಖ ಹೊರಗೆ ಹಾಕಿ ನನ್ನನ್ನು ದಿಟ್ಟಿಸಿತು. ಗದಗಿನ ಕಡೆಯ ನಮ್ಮೂರಿನಲ್ಲಿ ಒಬ್ಬ ನಾಯಕನನ್ನು ಹೀಗೆ ನೇತುಹಾಕಿದ್ದರೆ ಚಹಾದ ಹೊತ್ತಿಗೆ ಇಬ್ಬರ ಅಂಗಿಯಾದರೂ ಹರಿದಿರುತ್ತಿತ್ತು. ಇಲ್ಲಿ ಯಾರೂ ತಿರುಗಿ ಸಹ ನೋಡಲಿಲ್ಲ.

ನನಗೂ ಫ್ಲೆಕ್ಸಿಗೂ ಹಳೆಯ ಜಗಳ. ನಾನು ಇಪ್ಪತ್ತು ವರ್ಷ ಬೋರ್ಡ್ ಬರೆದವನು. ಗದಗಿನ ಸುತ್ತಮುತ್ತ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಖಾನಾವಳಿ, ಎಲ್ಲದರ ಹಣೆಯ ಮೇಲೂ ನನ್ನ ಅಕ್ಷರ ಇತ್ತು. ಫ್ಲೆಕ್ಸ್ ಬಂತು, ನನ್ನ ಕುಂಚ ಒಣಗಿತು. ಹೆಂಡತಿ ಶಾಂತಾ ಸರ್ಕಾರಿ ನರ್ಸ್. ಅವಳಿಗೆ ಹೊಸನಗರ ತಾಲೂಕಿನ ಈ ಊರಿನ ಆಸ್ಪತ್ರೆಗೆ ವರ್ಗವಾದಾಗ ನಾನೂ ಗಂಟುಮೂಟೆ ಕಟ್ಟಿಕೊಂಡು ಹೊರಟೆ. "ಹೇಣ್ತಿ ನೌಕರಿಗೆ ಗಂಡ ಬೆನ್ನು ಹತ್ತಿ ಹೋಗೂದು ಎಲ್ಲೆರ ನೋಡಿಯೇನೋ ಬಸ್ಯಾ?" ಎಂದು ಅವ್ವ ಕೇಳಿದಳು. ಎಲ್ಲೂ ನೋಡಿರಲಿಲ್ಲ. ಆದರೆ ಕೆಲಸವಿಲ್ಲದ ಗಂಡಸು ಊರ ಕಟ್ಟೆಯ ಮೇಲೆ ಕೂತು ಏನಾಗುತ್ತಾನೆ ಎಂಬುದನ್ನು ಬೇಕಾದಷ್ಟು ನೋಡಿದ್ದೆ.

ನಮ್ಮ ಕಡೆಯವರು ಫೋನ್ ಮಾಡಿದಾಗಲೆಲ್ಲ "ಮಲೆನಾಡು ಭಾರಿ ಚಂದ ಐತಂತಲ್ಲ" ಎನ್ನುತ್ತಾರೆ. ಚಂದ ಇದೆ, ಸುಳ್ಳಲ್ಲ. ಆದರೆ ನನಗೆ ಮೊದಲ ತಿಂಗಳು ಉಸಿರು ಕಟ್ಟಿದಂತಾಗಿತ್ತು. ನಮ್ಮಲ್ಲಿ ಬಸ್ಸು ಮೂರು ಮೈಲಿ ಆಚೆ ಇರುವಾಗಲೇ ಧೂಳಿನಿಂದ ಗುರುತು ಸಿಗುತ್ತದೆ. ಚಹಾ ಮುಗಿಸಿ, ಬೀಡಿ ಮುಗಿಸಿ ಎದ್ದರೂ ಸಿಗುತ್ತದೆ. ಇಲ್ಲಿ ಬಸ್ಸು ತಿರುವಿನಿಂದ ಒಮ್ಮೆಲೇ ಮೈಮೇಲೆ ಬಂದು, ನಾನು ಕೈ ಎತ್ತುವಷ್ಟರಲ್ಲಿ ಇನ್ನೊಂದು ತಿರುವಿನಲ್ಲಿ ಮಾಯವಾಗುತ್ತದೆ. ಕೋಣಂದೂರಿನ ಸಂತೆಗೆ ಹೊರಟು ನಾಲ್ಕು ಸಲ ಖಾಲಿ ಚೀಲ ಹಿಡಿದು ವಾಪಸು ಬಂದೆ. ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಎರಡು ಕೋಣೆ, ಗಟ್ಟಿ ತಾರಸಿ, ಮುಂದೊಂದು ಜಗಲಿ ಸಿಕ್ಕಿತ್ತು. ಮನೆಯ ಬಗ್ಗೆ ದೂರಿರಲಿಲ್ಲ. ಮಾತಾಡಲು ಜನರಿರಲಿಲ್ಲ, ಅಷ್ಟೆ. ನಾನು ಬಾಯಿ ತೆರೆದರೆ ಅಂಗಡಿಯವರು ಜಗಳಕ್ಕೆ ಬಂದನೇನೋ ಎಂಬಂತೆ ಹಿಂದೆ ಸರಿಯುತ್ತಿದ್ದರು. ಅವರು "ನೀವು ಎಂತ ಮಾಡದು?" ಎಂದು ಮೆತ್ತಗೆ ಕೇಳಿದರೆ ನನಗೆ ಉತ್ತರವೇ ಇರುತ್ತಿರಲಿಲ್ಲ.

ಮೊದಲು ಮಾತಾಡಿಸಿದವಳು ಆ ಕೊಟ್ಟಿಗೆಯ ಒಡತಿ ಪಾರ್ವತಮ್ಮ. ಐವತ್ತೈದರ ಆಸುಪಾಸು, ಗಟ್ಟಿ ಹೆಂಗಸು. ಒಂದು ದಿನ ಬೇಲಿಯ ಆಚೆಯಿಂದಲೇ ಕೇಳಿದಳು: "ಬೆಳಿಗ್ಗೆ ಬೆಳಿಗ್ಗೆ ಅದೆಂತ ಬಡಿಯದು ಮಾರಾಯ್ರೆ? ಗೋಡೆ ಬೀಳ್ತದನ ಅಂತ ಹೆದ್ರಿಕೆ ಆತು ನಂಗೆ."

"ರೊಟ್ಟಿರಿ. ಜ್ವಾಳದ ರೊಟ್ಟಿ."

ಒಳಗೆ ಬಂದು ನೋಡಿದಳು. ಶಾಂತಾ ಡ್ಯೂಟಿಗೆ ಹೋಗಿದ್ದಳು. ಹಿಟ್ಟಿನ ಕೈ ನನ್ನದು. "ನಿಮ್ಮಲ್ಲಿ ಗಂಡಸ್ರು ರೊಟ್ಟಿ ಬಡಿತಾರಾ?"

"ನಮ್ಮಲ್ಲಿ ಇಲ್ರಿ. ನಮ್ಮ ಮನ್ಯಾಗ ಅಷ್ಟ."

ಆಕೆ ನಕ್ಕ ನಗೆಗೆ ಅವಳ ಗಂಡ ತಿಮ್ಮಪ್ಪ ಅಂಗಳದಿಂದ ಇಣುಕಿದ. ಎರಡು ರೊಟ್ಟಿ ಒಯ್ದಳು, ಮರುದಿನ ಗಂಜಿ ಮತ್ತು ಮಿಡಿ ಉಪ್ಪಿನಕಾಯಿ ಕಳಿಸಿದಳು. ಆ ಉಪ್ಪಿನಕಾಯಿಯ ಪರಿಮಳಕ್ಕೆ ನಾನು ಈ ಸೀಮೆಯನ್ನು ಅರ್ಧ ಕ್ಷಮಿಸಿಬಿಟ್ಟೆ. ಗಂಜಿಯನ್ನು ಮಾತ್ರ ಇನ್ನೂ ಕ್ಷಮಿಸಿಲ್ಲ. ನಮ್ಮಲ್ಲಿ ಅದನ್ನು ಜ್ವರ ಬಂದವರಿಗೆ ಕೊಡುತ್ತಾರೆ.

ಕೈ ಸುಮ್ಮನಿರಲಾರದೆ ಕಸ ಆರಿಸಲು ಶುರು ಮಾಡಿದೆ. ಆಸ್ಪತ್ರೆಯ ಗೇಟಿನಲ್ಲಿ ಹಾಲಿನ ಕವರು, ಬಸ್ ನಿಲ್ದಾಣದಲ್ಲಿ ನೀರಿನ ಬಾಟಲಿ, ಸಾಗರದ ಮಾರ್ಗವಾಗಿ ವರದಹಳ್ಳಿಗೆ ಹೋಗುವ ಗಾಡಿಗಳು ನಿಂತು ಹೋದಲ್ಲಿ ತಿಂಡಿಯ ಪೊಟ್ಟಣ, ತೋಟಗಳ ಅಂಚಿನಲ್ಲಿ ಅಡಿಕೆ ಗೊನೆಗೆ ಕಟ್ಟಿ ಬಿಚ್ಚಿದ ಕೊಟ್ಟೆ, ಅಂದರೆ ಕೊಳೆರೋಗ ಬರದಂತೆ ಗೊನೆಗೆ ತೊಡಿಸುವ ಪ್ಲಾಸ್ಟಿಕ್ ಟೋಪಿ. ತೊಳೆದು, ಒಣಗಿಸಿ, ಬಣ್ಣದ ಪ್ರಕಾರ ಬೇರೆ ಮಾಡಿದೆ. ಕವರುಗಳನ್ನು ಎರಡು ಕಾಗದದ ನಡುವೆ ಇಟ್ಟು ಹದವಾಗಿ ಇಸ್ತ್ರಿ ಹಾಕಿದರೆ ಒಂದಕ್ಕೊಂದು ಅಂಟಿ ಚರ್ಮದಂಥ ಹಾಳೆಯಾಗುತ್ತದೆ. ಫ್ಲೆಕ್ಸನ್ನು ಉದ್ದುದ್ದ ಸೀಳಿದರೆ ಚಾಪೆ ಹೆಣೆಯಬಹುದು. ನನ್ನ ಅನ್ನ ಕಸಿದ ಫ್ಲೆಕ್ಸನ್ನು ಕತ್ತರಿಯಲ್ಲಿ ಸೀಳುವಾಗಿನ ಸುಖವನ್ನು ಬರೆದು ತಿಳಿಸಲಾರೆ. ಮೊದಲು ಮಾಡಿದ್ದು ಒಂದು ನವಿಲು. ಅದನ್ನು ಆಸ್ಪತ್ರೆಯ ಚುಚ್ಚುಮದ್ದಿನ ಕೋಣೆಯಲ್ಲಿ ತೂಗುಹಾಕಿದೆವು. ಕೂಸುಗಳು ಅದನ್ನು ನೋಡುತ್ತಾ ಒಂದು ಕ್ಷಣ ಅಳು ಮರೆಯುತ್ತವೆ, ಅಷ್ಟರಲ್ಲಿ ಶಾಂತಾ ಸೂಜಿ ಹಾಕಿ ಮುಗಿಸಿರುತ್ತಾಳೆ. ಅಂದಿನಿಂದ ಅಂಗಡಿಯವರಿಗೆ ನಾನು "ನವಿಲು ಮಾಡಿದೋರು" ಆದೆ. ಎಂತ ಮಾಡದು ಎಂಬ ಪ್ರಶ್ನೆಗೆ ಕೊನೆಗೂ ಒಂದು ಉತ್ತರ ಸಿಕ್ಕಿತ್ತು.

ನವಿಲಿನ ಸುದ್ದಿ ಪಂಚಾಯಿತಿಗೆ ಮುಟ್ಟಿತು. ಸ್ವಚ್ಛತೆಯ ಕಾರ್ಯಕ್ರಮಕ್ಕೆ ಕಚೇರಿಯ ಮುಂದೆ ನಿಲ್ಲಿಸಲು ಏನಾದರೂ ದೊಡ್ಡದು ಮಾಡಿಕೊಡಿ ಎಂದರು. ಹಸು ಮಾಡುತ್ತೇನೆ ಎಂದೆ, ನಿಜವಾದ ಹಸುವಿನಷ್ಟೇ ಎತ್ತರ. ಪ್ಲಾಸ್ಟಿಕ್ ತಿಂದು ಸಾಯುವ ಹಸುವನ್ನು ಪ್ಲಾಸ್ಟಿಕ್ಕಿನಲ್ಲೇ ಮಾಡಿದರೆ ಯಾರೂ ಮುಖ ತಿರುಗಿಸಲಾರರು ಎಂದು ನನ್ನ ಎಣಿಕೆ. ಬಿದಿರಿನ ಹಂದರ ಎದ್ದಿತು. ಹೊಟ್ಟೆಗೆ ಬಾಟಲಿ ತುಂಬಿದೆ. ಮೈಗೆ ಹೊದಿಸಲು ಮಾಲು ಸಾಲಲಿಲ್ಲ.

ಒಂದು ಮುಂಜಾನೆ ಗದ್ದೆಗಳ ಕಡೆ ನಡೆದೆ. ಭತ್ತ ತೆನೆ ಹೊರಡುವ ಹೊತ್ತು. ಗದ್ದೆಯಂಚಿನ ಬೇಲಿಯುದ್ದಕ್ಕೂ ನೋಡಿದರೆ ಕಸವೋ ಕಸ. ಮಿರಮಿರ ಮಿಂಚುವ ಪ್ಲಾಸ್ಟಿಕ್ ಪಟ್ಟಿ, ಸಾಲಾಗಿ ಜೋತ ಬಾಟಲಿ, ಕೋಲಿಗೆ ಸಿಕ್ಕಿದ ಫ್ಲೆಕ್ಸ್ ತುಂಡು, ಹರಿದ ನೈಲಾನ್ ಸೀರೆ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ: ಎರೆಹೊಲದ ಜಾಲಿ ಬೇಲಿಗೆ ಬೇಸಿಗೆಯ ಗಾಳಿ ಊರಿನ ಕಸವನ್ನೆಲ್ಲ ತಂದು ಸಿಕ್ಕಿಸುತ್ತದೆ, ಅದನ್ನು ಯಾರು ಒಯ್ದರೂ ಪುಣ್ಯದ ಕೆಲಸ. ಬೇಲಿಯ ಮೇಲಿನ ಪ್ಲಾಸ್ಟಿಕ್ ಎಂದರೆ ನನ್ನ ಕಣ್ಣಿಗೆ ಗಾಳಿಯ ಕಸವೇ. ಎರಡು ಚೀಲ ತುಂಬಿಕೊಂಡೆ. ಗದ್ದೆ ಸ್ವಚ್ಛವಾಯಿತಲ್ಲ ಎಂದು ಹೆಮ್ಮೆಯಿಂದ ಹಿಂತಿರುಗಿ ಬೇರೆ ನೋಡಿದೆ.

ಅದೇ ವಾರ ಪಾರ್ವತಮ್ಮ ಭೂಮಣ್ಣಿ ಬುಟ್ಟಿ ಬರೆಯುತ್ತಿದ್ದಳು. ನಮ್ಮ ಶೀಗೆ ಹುಣ್ಣಿಮೆಯೇ ಇಲ್ಲಿ ಭೂಮಿ ಹುಣ್ಣಿಮೆ. ಬಸುರಾದ ಭೂಮಿಗೆ ಬಯಕೆಯ ಊಟ ಒಯ್ಯುವ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕುಂಚವೆಂದರೆ ಪುಂಡಿ ನಾರಿನ ಒಂದು ಎಸಳು. ಆಕೆ ಅಳತೆಯಿಲ್ಲದೆ, ಗೆರೆ ಹಾಕಿಕೊಳ್ಳದೆ, ನನ್ನೊಡನೆ ಮಾತಾಡುತ್ತಲೇ ಎಳೆದ ಗೆರೆ ಕೂದಲಿನಷ್ಟೂ ಅಲುಗಲಿಲ್ಲ. ಇಪ್ಪತ್ತು ವರ್ಷ ದಾರ ಹಿಡಿದು, ಸೀಸದಕಡ್ಡಿ ಹಿಡಿದು ಅಕ್ಷರ ಬರೆದವನಿಗೆ ಹೊಟ್ಟೆಕಿಚ್ಚಾಯಿತು, ನಾಚಿಕೆಯೂ ಆಯಿತು. "ನಾ ಒಂದು ಗೆರಿ ಎಳೀಲೇನ್ರಿ?" ಎಂದು ಕೇಳಿದೆ. ಸಣ್ಣ ಬುಟ್ಟಿಯ ತಳದಲ್ಲಿ ಜಾಗ ತೋರಿಸಿದಳು, "ಯಾರಿಗೂ ಕಾಣದಿಲ್ಲ, ಅಲ್ಲಿ ಎಳಿರಿ" ಎಂದು. ಈ ಊರಿನಲ್ಲಿ ನಾನು ಕಳೆದ ಅತ್ಯಂತ ಸಂತೋಷದ ಮಧ್ಯಾಹ್ನ ಅದು.

ಮರುದಿನ ಬೆಳಿಗ್ಗೆ ಆಕೆ ಕೂಗುತ್ತಾ ಬಂದಳು. "ಹಂದಿ ಬಿದ್ದು ಗದ್ದೆ ಹಾಳಾಗಿ ಹೋತು, ಬಸಣ್ಣಾರೆ! ಯಾವನೋ ಬೇಲಿದು ಪ್ಲಾಸ್ಟಿಕ್ ಎಲ್ಲ ಕಿತ್ಕಂಡು ಹೋಗ್ಯಾನೆ. ಅವನ ಕೈ..." ಎಂದವಳು ಜಗಲಿಯ ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಜಗಲಿಯಲ್ಲಿ ನನ್ನ ಹಸು ನಿಂತಿತ್ತು. ಅದರ ಕೊರಳ ಕೆಳಗಿನ ಗಂಗೆದೊಗಲಿಗೆ ನಾನು ಹಳದಿ ಹೂವಿನ ಹಸಿರು ಸೀರೆಯನ್ನು ನೆರಿಗೆ ಮಾಡಿ ಹೊಲಿದಿದ್ದೆ.

"ಇದು ನನ್ನ ಸೀರೆ ಅಲ್ದಾ?"

"ಅದು ಕಸಾ ಅಂತ ತಿಳ್ಕೊಂಡಿದ್ದೆನ್ರಿ. ಗಾಳಿಗೆ ಬಂದು ಸಿಕ್ಕೊಂಡದ್ದು ಅಂತ..."

"ಗಾಳಿಗೆ ಬಂದದ್ದು ಗಂಟು ಹಾಕ್ಕಂಡು ಕೂತಿರ್ತದಾ?"

ಗಂಟುಗಳನ್ನು ಬಿಚ್ಚಿದ್ದು ಇದೇ ಬೆರಳುಗಳು. ಬಿಚ್ಚುವಾಗ ಒಮ್ಮೆಯೂ, ಇದನ್ನು ಕಟ್ಟಿದವರು ಯಾರು ಎಂದು ಯೋಚಿಸಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ಎಷ್ಟೋ ಸಲ ಬೇರೆಯವರ ಮೇಲೆ ಪ್ರಯೋಗಿಸಿದ್ದೆ. ಇಲ್ಲಿ ಬೇಲಿಯನ್ನೇ ಎತ್ತಿಕೊಂಡು ಹೋಗಿ ಹಸು ಮಾಡಿಟ್ಟವನು ನಾನು.

ಗದ್ದೆಗೆ ಹೋದೆ. ಮೂರು ಕಡೆ ಎಮ್ಮೆ ಹೊರಳಾಡಿದಂತೆ ಭತ್ತ ನೆಲಕ್ಕೆ ಅಂಟಿತ್ತು. ಹಾಲುಗಟ್ಟುತ್ತಿದ್ದ ತೆನೆಗಳನ್ನು ಹಂದಿಗಳು ಜಗಿದು ಉಗಿದಿದ್ದವು. ತಿಮ್ಮಪ್ಪ ಬದುವಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಬೈಯಲಿಲ್ಲ. ಬೈದಿದ್ದರೆ ಕಾಲಿಗೆ ಬೀಳಬಹುದಿತ್ತು. ಈ ಗದ್ದೆಯ ಅಕ್ಕಿಯೇ ಅವರ ವರ್ಷದ ಊಟ. ಅವನ ಅಪ್ಪ ಗೇಣಿಗೆ ಉಳುತ್ತಿದ್ದು, ಆಮೇಲೆ ತಮ್ಮದೇ ಆದ ನೆಲ. ಕೊಯ್ಲಿಗೆ ಇನ್ನೂ ಒಂದೂವರೆ ತಿಂಗಳಿತ್ತು. ಹಂದಿ ಒಮ್ಮೆ ರುಚಿ ನೋಡಿದ ಗದ್ದೆಗೆ ಮತ್ತೆ ಬಂದೇ ಬರುತ್ತದೆ. ಉಳಿದದ್ದು ಉಳಿಯುತ್ತದೆಯೋ ಇಲ್ಲವೋ, ಅದೊಂದೇ ಪ್ರಶ್ನೆ.

ಮನೆಗೆ ಬಂದು ಗೋಡೆಗೊರಗಿ ಕೂತೆ. ಊರು ಬಿಟ್ಟು ಹೋಗೋಣ ಎಂದೆ. ಶಾಂತಾ ಡ್ಯೂಟಿಯ ಸೀರೆಯಲ್ಲೇ ನಿಂತು ಕೇಳಿದಳು: "ನೀ ಹೋದ್ರ ಹಂದಿನೂ ನಿನ್ನ ಹಿಂದ ಬರ್ತಾವೇನು? ಕತ್ತರಿ ತಗೋ."

ಹಸುವನ್ನು ಬಿಚ್ಚಿದೆವು. ಹದಿನೆಂಟು ದಿನದ ಹೊಲಿಗೆ. ಎರಡು ದಿನದಲ್ಲಿ ಪಂಚಾಯಿತಿಯವರು ಒಯ್ಯಲು ಬರುವವರಿದ್ದರು. ಅಷ್ಟು ಚಂದದ್ದನ್ನು ನಾನು ಅದುವರೆಗೆ ಮಾಡಿರಲಿಲ್ಲ. ಆದರೆ ಅದರ ಮೈಮೇಲಿನ ಒಂದೊಂದು ಪಟ್ಟಿಯೂ ಪಕ್ಕದ ಮನೆಯ ಅನ್ನದಿಂದ ಕಿತ್ತದ್ದು ಎಂದು ಗೊತ್ತಾದ ಮೇಲೆ ಅದರ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಚೀಲ ಹೊತ್ತು ಗದ್ದೆಗೆ ಹೋದಾಗ ತಿಮ್ಮಪ್ಪ ಮೊದಲ ಸಲ ಬಾಯಿ ಬಿಟ್ಟ. "ಹಂಗಲ್ಲ. ಪಟ್ಟಿಗೆ ಒಂದು ತಿರುವು ಕೊಟ್ಟು ಕಟ್ಟಿ. ಆಗ ಗಾಳಿಗೆ ಗುಂಯ್ ಅಂತದೆ." ನಾನು ಕಸವೆಂದು ತಿಳಿದದ್ದರಲ್ಲಿ ಎಂಥ ಲೆಕ್ಕಾಚಾರವಿತ್ತು! ಬಾಟಲಿಯೊಳಗೆ ಎರಡೇ ಕಲ್ಲು. ಮೂರಾದರೆ ಸದ್ದು ಸತ್ತುಹೋಗುತ್ತದೆ. ಸೀರೆ ಹಂದಿಯ ಕಣ್ಣಿನ ಎತ್ತರಕ್ಕೆ ಇರಬೇಕು, ನಮ್ಮ ಕಣ್ಣಿನ ಎತ್ತರಕ್ಕಲ್ಲ. ನಾನು ನನ್ನ ಪಾಲಿಗೆ ಬೆರ್ಚಪ್ಪ ಮಾಡುತ್ತೇನೆ ಎಂದೆ. ನಮ್ಮ ಬೆದರುಗೊಂಬೆಗೆ ಇಲ್ಲಿ ಬೆರ್ಚಪ್ಪ ಎನ್ನುತ್ತಾರೆ. ಹಸುವಿನ ಹೊಟ್ಟೆಯ ಬಾಟಲಿಗಳೇ ಎದೆಗೂಡು, ಕೊಟ್ಟೆಗಳೇ ತಲೆ. ಉಳಿದಿದ್ದ ಬೋರ್ಡ್ ಬಣ್ಣ ತೆಗೆದು ಮುಖ ಬರೆದೆ. ಕೈ ತನ್ನಷ್ಟಕ್ಕೆ ತಾನು ನಮ್ಮೂರಿನ ಮುಖವನ್ನೇ ಬರೆಯಿತು: ಗಿರಿಜಾ ಮೀಸೆ, ಹಣೆಯ ತುಂಬ ವಿಭೂತಿ. ಫ್ಲೆಕ್ಸ್ ಸೀಳಿ ರುಮಾಲು ಸುತ್ತಿದೆ.

ತಿಮ್ಮಪ್ಪ ಅದನ್ನು ಸುತ್ತು ಹಾಕಿ ನೋಡಿದ. ತುಟಿಯ ಅಂಚು ಅಲುಗಿತು. "ಇದು ನಿಮ್ ಕಡೆ ಗೌಡ್ರಲ್ದಾ! ಅಂಗಿ ಹಾಕಿ. ಒಗೆದದ್ದು ಆಗದಿಲ್ಲ, ಬೆವರಿಂದು ಬೇಕು. ಮನುಷ್ಯನ ವಾಸ್ನೆ ಇರ್ಬೇಕು." ನಾನು ಅಲ್ಲೇ ಮೈಮೇಲಿನ ಅಂಗಿ ಬಿಚ್ಚಿ ಗೌಡರಿಗೆ ತೊಡಿಸಿ, ಬನಿಯನ್ನಿನಲ್ಲಿ ಮನೆಗೆ ನಡೆದೆ. ಮರುದಿನ ಇನ್ನೂ ಐವರು ಗೌಡರು ಎದ್ದು ನಿಂತರು.

ಪಂಚಾಯಿತಿಯ ಕಾರ್ಯದರ್ಶಿ ಬಂದಾಗ ಜಗಲಿಯಲ್ಲಿ ನಾಲ್ಕು ಬಿದಿರಿನ ಕಾಲುಗಳಷ್ಟೇ ಇದ್ದವು. "ಹಸು ಎಲ್ಲಿ?" ಎಂದರು.

"ಗದ್ದಿಗೆ ಹೋಗೇತ್ರಿ."

ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಅವರು ಗದ್ದೆಗೆ ಬಂದು, ಸಾಲಾಗಿ ನಿಂತ ಆರು ರುಮಾಲಿನ ಗೌಡರನ್ನು ನೋಡಿ, ನಗು ತಡೆಯಲಾರದೆ ಫೋಟೊ ತೆಗೆದುಕೊಂಡು ಹೋದರು. ಕಚೇರಿಯ ಮುಂದೆ ಏನೂ ನಿಲ್ಲಲಿಲ್ಲ.

ಭೂಮಿ ಹುಣ್ಣಿಮೆಗೆ ನನ್ನನ್ನು ಕರೆಯುತ್ತಾರೆಂಬ ಆಸೆ ಬಿಟ್ಟಿದ್ದೆ. ಹಿಂದಿನ ಸಂಜೆ ಪಾರ್ವತಮ್ಮ ಬೇಲಿಯ ಆಚೆಯಿಂದ, ಮುಖ ಇನ್ನೂ ಸಡಿಲಿಸದೆ ಹೇಳಿದಳು: "ನಾಳೆ ಬೇಗ ಎದ್ಕಳಿ. ಸಣ್ಣ ಬುಟ್ಟಿ ಹೊರೋಕೆ ಜನ ಬೇಕು." ಬೆಳಕು ಹರಿಯುವ ಮೊದಲು ತಿಮ್ಮಪ್ಪನ ಹಿಂದೆ ನಡೆದೆ. ಅವನು ಬೇಯಿಸಿದ ಸೊಪ್ಪು, ಅನ್ನ ಬೀರುತ್ತಾ ಭೂಮಿಯನ್ನು ಉಣ್ಣಲು ಕರೆದ. ಹಾಳಾದ ಜಾಗಕ್ಕೂ ಬಂದು ಒಂದು ಹಿಡಿ ಹೆಚ್ಚೇ ಹಾಕಿದ. ಆಮೇಲೆ ಬದುವಿನ ಮೇಲೆ ಎಲೆ ಹಾಸಿ, ಕಾಗೆಗೊಂದು, ಇಲಿಗೊಂದು ಎಡೆ ಇಟ್ಟರು. ನಾನು ಹಿಂದುಮುಂದು ನೋಡದೆ ಕೇಳಿಬಿಟ್ಟೆ: "ಹಂದಿಗಿಲ್ಲೇನ್ರಿ?"

"ಅದು ಮೊದ್ಲೇ ಉಂಡ್ಕಂಡು ಹೋತಲ್ಲ ಮಾರಾಯ್ರೆ," ಎಂದ ತಿಮ್ಮಪ್ಪ.

ಪಾರ್ವತಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ನಗು ಕೇಳಿದ ಮೇಲೆ ನಾನು ವಾರದ ನಂತರ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಆಮೇಲಿನ ಒಂದೂವರೆ ತಿಂಗಳು ನನ್ನ ದಿನ ಶುರುವಾದದ್ದು ಗದ್ದೆಯಲ್ಲೇ. ಬೆರ್ಚಪ್ಪಗಳನ್ನು ಎರಡು ದಿನಕ್ಕೊಮ್ಮೆ ಜಾಗ ಬದಲಿಸಬೇಕು. "ಒಂದೇ ಕಡೆ ನಿಂತೋರನ್ನ ಹಂದಿ ಲೆಕ್ಕಕ್ಕೇ ಇಡದಿಲ್ಲ," ಎನ್ನುತ್ತಿದ್ದ ತಿಮ್ಮಪ್ಪ. ವಾರಕ್ಕೊಮ್ಮೆ ಗೌಡರ ಅಂಗಿ ಬದಲಾಗುತ್ತಿತ್ತು. ನನ್ನ ಅಂಗಿಗಳು ಮುಗಿದ ಮೇಲೆ ಶಾಂತಾಳ ಹಳೆಯ ಕೋಟೂ ಹೋಯಿತು. ದಿನಾ ತಿರುವು ದಾಟಿದೊಡನೆ ಭತ್ತ ನಿಂತಿದೆಯೇ ಎಂದು ಮೊದಲು ನೋಡುತ್ತಿದ್ದೆ. ಒಮ್ಮೆ ಬೇಲಿಯ ಹೊರಗೆ ಹಸಿ ಗೊರಸಿನ ಗುರುತು ಕಂಡವು. ಅಲ್ಲಿಂದಲೇ ಹಿಂದಕ್ಕೆ ತಿರುಗಿದ್ದವು. ನಾನು ಗೌಡರಿಗೆ ಕೈಮುಗಿದೆ.

ಕೊಯ್ಲಾಯಿತು. ಹಂದಿ ಹಾಳು ಮಾಡಿದ ಆ ಮೂರು ಜಾಗ ಬಿಟ್ಟರೆ ಉಳಿದದ್ದೆಲ್ಲ ಕಣಕ್ಕೆ ಬಂತು. ಕೊನೆಯ ಹೊರೆ ಗದ್ದೆ ಬಿಟ್ಟು ಎದ್ದಾಗ ನಾನು ಬದುವಿನ ಮೇಲೆ ಕೂತು ಅತ್ತೆ. ನಾಚಿಕೆಯೇನಿಲ್ಲ, ಎದೆಯ ಮೇಲಿಂದ ಬೀಸುವ ಕಲ್ಲು ಇಳಿದಂತಾಗಿತ್ತು. ಪಾರ್ವತಮ್ಮ ಹೊಸ ಅಕ್ಕಿಯ ಒಂದು ಗಂಟು ತಂದು ಕೈಗಿಟ್ಟಳು. "ನಿಮ್ಮ ಅಬ್ಬೆಗೆ ಕೊಡಿ" ಎಂದಳು.

ಎಳ್ಳ ಅಮವಾಸ್ಯೆಗೆ ಊರಿಗೆ ಹೋದೆ. ನಮ್ಮಲ್ಲಿ ಹಿಂಗಾರಿ ಜೋಳಕ್ಕೆ ಚರಗ ಚೆಲ್ಲುವ, ಅಂದರೆ ಹೊಲದ ತುಂಬ ಎಡೆಯ ಅನ್ನ ಬೀರುವ ದಿನ. ಎಷ್ಟು ತಿಂಗಳ ಮೇಲೆ ಅಷ್ಟು ದೊಡ್ಡ ಆಕಾಶ! ಅವ್ವ ಸಜ್ಜಿ ಕಡುಬು, ಪುಂಡಿಪಲ್ಲೆಯ ಜೊತೆಗೆ ಆ ಅಕ್ಕಿಯ ಅನ್ನವನ್ನೂ ಚರಗಕ್ಕೆ ಕಲೆಸಿದ್ದಳು. ಹೊಲದಲ್ಲಿ ನಡೆಯುತ್ತಾ, ಅದುವರೆಗೆ ಮುಚ್ಚಿಟ್ಟಿದ್ದ ಕಥೆಯನ್ನೆಲ್ಲ ಅವಳಿಗೆ ಹೇಳಿದೆ. ಅವ್ವ ನಿಂತು ಕೇಳಿದಳು. "ಅನ್ನಕ್ಕ ಕೈ ಹಾಕಿದವಗ ಅಕ್ಕಿ ಕಟ್ಟಿ ಕಳಿಸ್ಯಾಳಂದ್ರ ದೊಡ್ಡ ಮನಸಿನಾಕಿ ಬಿಡು," ಎಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿನಗಲ್ಲಿ ಯಾರೂ ಇಲ್ಲಂತ ಅನಕೊಂಡಿದ್ದೆ," ಎಂದಳು.

ಆಗಲೇ ಫೋನ್ ಬಡಿದುಕೊಂಡಿತು. ನನ್ನ ಕೈಗೆಲ್ಲ ಚರಗದ ಅನ್ನ ಅಂಟಿತ್ತು, ಅವ್ವನೇ ಒತ್ತಿ ನನ್ನ ಮುಖದ ಮುಂದೆ ಹಿಡಿದಳು. ತಿಮ್ಮಪ್ಪ. ಅವನು ತಾನಾಗಿ ಫೋನ್ ಮಾಡಿದ್ದು ಅದೇ ಮೊದಲು. "ಕೊಯ್ದ ಗದ್ದೆಗೆ ಉದ್ದು ಹಾಕಿದೀವಿ. ನವಿಲು ಬಂದು ಹೆಕ್ಕಿ ಹಾಕ್ತಾವೆ. ನಿಮ್ ಗೌಡ್ರಿಗೆ ಒಂಚೂರೂ ಹೆದರದಿಲ್ಲ ಮಾರಾಯ್ರೆ, ರುಮಾಲಿನ ಮೇಲೇ ಕೂತ್ಕಂಡದೆ ಒಂದು. ಬೇರೆ ಎಂತಾದ್ರೂ ಮಾಡ್ಬೇಕು. ಯಾವಾಗ ಬರ್ತೀರಿ?"

ಅಷ್ಟು ದಿನ ಆ ಪ್ರಶ್ನೆ ನನ್ನನ್ನು ಕೇಳುತ್ತಿದ್ದವಳು ಜಗತ್ತಿನಲ್ಲಿ ಅವ್ವ ಒಬ್ಬಳೇ. ಈಗ ಫೋನಿನಿಂದ ಬಂದ ಅದೇ ಪ್ರಶ್ನೆಯನ್ನು ಕೇಳಿಸಿಕೊಂಡು ಅವಳು ನನ್ನ ಮುಖ ನೋಡುತ್ತಿದ್ದಳು. ನನಗೆ ಖುಷಿಯಾಗಿತ್ತು. ಆ ಖುಷಿ ಅವಳಿಗೆ ಕಂಡಿತ್ತು.

"ಹೇಳೋ," ಎಂದಳು, ಫೋನನ್ನು ಇನ್ನಷ್ಟು ಹತ್ತಿರ ಹಿಡಿದು. "ಕಾಯಾಕತ್ತಾನಲ್ಲ, ಹೇಳು. ಯಾವಾಗ ಹೊಂಟಿ?"